ಚಾಮರಾಜನಗರದಿಂದ ಗುಂಡ್ಲುಪೇಟೆಗೆ

ಕಳೆದ ಆಷಾಢಮಾಸದಲ್ಲಿ ನಾವು ಚಾಮರಾಜನಗರಕ್ಕೆ ಹೋಗಿದ್ದೆವು. ಬಹುಕಾಲ ಕನ್ನಡವನ್ನೂ ಸಂಸ್ಕೃತವನ್ನೂ ಪಾಠ ಹೇಳಿದ ಊರು. ವಿಶ್ರಾಂತರಾದ ಮೇಲೆ ಅತ್ತ ತಲೆಹಾಕಿರಲಿಲ್ಲ. ಪೂರ್ವದಲ್ಲಿ ಇದರ ಹೆಸರು ಅರಿಕುಠಾರ. ತಮ್ಮ ತಂದೆಯವರಾದ ಚಾಮರಾಜ ಒಡೆಯರು ಇಲ್ಲಿ ಜನಿಸಿದರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಹೊಸ ಹೆಸರನ್ನಿತ್ತು, 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಇಲ್ಲಿಯ ರಥೋತ್ಸವ ಆಷಾಢದಲ್ಲಿಯೇ. ಅತ್ತೆಮನೆ ತವರುಮನೆಗಳೆಂದು ಅಗಲಿರುವ ನವದಂಪತಿಗಳು ದೇವರ ನೆಪದಿಂದ ಜೊತೆಗೂಡುವ ಈ ಜಾತ್ರೆಯನ್ನು ಏರ್ಪಡಿಸಿದವರು ಯಾರೋ, ರಸಿಕರೇ ಇರಬೇಕು.

ದರ್ಶನವಾದ ಮೇಲೆ ಗುಂಡ್ಲುಪೇಟೆಯ ಬಸ್ಸನ್ನೇರಿದೆವು. ಚೀಲದಲ್ಲಿ ‘ಕುಸುಮಬಾಲೆ’ ಎಂಬ ತೆಳುವಾದ ಕಾದಂಬರಿಯಿತ್ತು. ಇದರ ಕರ್ತೃಗಳಾದ ದೇವನೂರ ಮಹಾದೇವ ಅವರು ಈ ಎರಡು ತಾಲ್ಲೂಕುಗಳಿಗೂ ನೆರೆಯಾದ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ, ದಲಿತ ಕುಟುಂಬದಲ್ಲಿ, 1948ರಲ್ಲಿ ಹುಟ್ಟಿದವರು. ಅವರ ಮೊದಲನೆಯ ಕಥಾಸಂಕಲನ 1973ರಲ್ಲಿ ಬಂದಾಗ ಇಪ್ಪತ್ತೈದರ ತರುಣರು. ಪುಸ್ತಕದ ಹೆಸರು ‘ದ್ಯಾವನೂರು’. ಕಾಗದಪತ್ರಗಳಲ್ಲಿರುವಂತೆ ದೇವನೂರು ಎನ್ನಲಿಲ್ಲ. ಊರ ಜನರ ನಾಲಗೆಯ ಮೇಲಿರುವಂತೆ ಬರೆದರು. ತರುವಾಯ ಬಂದ ‘ಒಡಲಾಳ’ದಲ್ಲಿ ಮುದುಕಿ ಸಾಕವ್ವನ ಹುಂಜ ಕಳೆದುಹೋಗುತ್ತದೆ, ಒಂದು ಮೂಟೆ ಕಡಲೆಕಾಯಿ ಒಂದೇ ರಾತ್ರಿಯಲ್ಲಿ ಮನೆಮಂದಿಯ ಹೊಟ್ಟೆ ಸೇರುತ್ತದೆ. ಹಸಿವನ್ನು ಕುರಿತು ನಾವು ಓದಿದವುಗಳಲ್ಲಿ ಅಷ್ಟು ನಗಿಸಿ ಅಷ್ಟು ನೋಯಿಸಿದುದು ಮತ್ತೊಂದಿಲ್ಲ. ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಆಗ ನಾವು ಹೊಸದಾಗಿ ಕೆಲಸಕ್ಕೆ ಸೇರಿದ್ದವರು. ಪುಸ್ತಕವನ್ನು ಕೊಂಡು ನಾಲ್ಕು ಪುಟ ಓದಿ ಮುಚ್ಚಿಟ್ಟೆವು. ಆಲಂಕಾರಿಕರು ‘ಗ್ರಾಮ್ಯ’ವನ್ನು ಕಾವ್ಯದೋಷಗಳಲ್ಲಿ ಎಣಿಸಿದ್ದಾರೆ, ನಮಗೆ ಅಷ್ಟೇ ಸಾಕಾಗಿತ್ತು. ‘ಮೃಚ್ಛಕಟಿಕ’ದಲ್ಲಿ ಬಗೆಬಗೆಯ ಪಾತ್ರಗಳು ಬಗೆಬಗೆಯ ಪ್ರಾಕೃತಗಳನ್ನಾಡುವುದನ್ನು ವರ್ಷ ವರ್ಷವೂ ಹೊಗಳಿ ಪಾಠ ಹೇಳುತ್ತಿದ್ದವರು ನಾವೇ ಎಂಬುದು ಆಗ ಹೊಳೆಯಲಿಲ್ಲ.

ಬಸ್ಸು ತೆರಕಣಾಂಬಿಯನ್ನು ದಾಟುವಷ್ಟರಲ್ಲಿ ಪುಸ್ತಕವನ್ನು ತೆರೆದಿದ್ದೆವು. ಹಿಂದಿನ ಆಸನದಲ್ಲಿ ಹೆಂಗಸರಿಬ್ಬರು ಯಾರದೋ ಮನೆಯ ಪಾಲುಪಟ್ಟಿಯ ಮಾತಾಡುತ್ತಿದ್ದರು. ‘ಊರಿಗೆ’ ಎಂಬುದು ‘ಊರ್ಗ’, ‘ಬರಲಿಲ್ಲ’ ಎಂಬುದು ‘ಬರ್ನಿಲ್ಲ’. ಅದೇ ಮಾತು ನಮ್ಮ ಕೈಯಲ್ಲಿದ್ದ ಪುಟದ ಮೇಲೂ ಇದ್ದಿತು. ಮೂವತ್ತು ವರ್ಷ ಕಣ್ಣಿಂದ ಓದಲು ಹೋಗಿ ಸೋತಿದ್ದುದನ್ನು ಆ ದಿನ ಕಿವಿಯಿಂದ ಓದಿದೆವು. ಇರುಳಿನಲ್ಲಿ ಜೋತಮ್ಮಗಳು, ಎಂದರೆ ಮನೆಮನೆಯ ದೀಪಗಳು, ಕೂಡಿ ಮಾತಾಡುತ್ತವೆ. ಮಂಚವೂ ಬಾಯಿ ಬಿಡುತ್ತದೆ. ಮಂಟೇಸ್ವಾಮಿ, ಮಾದೇಶ್ವರರ ಕಥೆಗಳನ್ನು ಇರುಳೆಲ್ಲ ಹಾಡುವ ಸೀಮೆಯಲ್ಲಿ ಇದೇನೂ ಸೋಜಿಗವಲ್ಲ. ಆದರೆ ಆ ದೀಪಗಳ ಬೆಳಕಿನಲ್ಲಿ ಕಾಣುವುದು ಜಾತಿಯ ಕಟ್ಟನ್ನು ಮೀರಿದ ಪ್ರೇಮ, ಅದಕ್ಕಾಗಿ ಹೋದ ಒಬ್ಬ ಹುಡುಗನ ಪ್ರಾಣ. ಶಿಷ್ಟಭಾಷೆಯಲ್ಲಿ ಹೇಳಿದ್ದರೆ ಅದು ಬರಿಯ ವರದಿಯಾಗುತ್ತಿತ್ತೆಂದು ನಮಗೆ ಈಗ ತೋರುತ್ತದೆ.

ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ ಅರಳಿ ನಿಂತಿತ್ತು. ಊಟಿಗೂ ವಯನಾಡಿಗೂ ಹೋಗುವ ಪ್ರಯಾಣಿಕರು ವಾಹನಗಳನ್ನು ನಿಲ್ಲಿಸಿ ಹೂವಿನ ನಡುವೆ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಪೇಟೆಯಲ್ಲಿ ಅರಿಸಿನದ ಅಂಗಡಿಯ ಮುಂದೆ ಹಾಯುತ್ತಿರುವಾಗ “ಮೇಷ್ಟ್ರೇ!” ಎಂದು ಯಾರೋ ಕೂಗಿದರು. ನಮ್ಮ ಹಳೆಯ ವಿದ್ಯಾರ್ಥಿ. ಈಗ ತಲೆ ನರೆತ ವರ್ತಕ. ಕುರ್ಚಿ ಹಾಕಿ, ಚಹ ತರಿಸಿ, ನಮ್ಮ ಕೈಯ ಪುಸ್ತಕವನ್ನು ನೋಡಿ ನಕ್ಕನು.

“ನಾನೂ ಒಂದ್ಸಲ ಹಿಂಗೇ ಬರ್ದಿದ್ದೆ ಸಾ. ಜಾತ್ರೆ ಪ್ರಬಂಧ. ನೀವು ಕೆಂಪು ಮಸೀಲಿ ನಮ್ಮಜ್ಜಿ ಮಾತೆಲ್ಲ ಹೊಡೆದಾಕಿ, ಕ್ಲಾಸಿನಲ್ಲಿ ಓದಿದ್ರಿ. ಎಲ್ಲಾರೂ ನಗಾಡಿದ್ರು. ಆಮ್ಯಾಲ ನಾನು ಬರೀನಿಲ್ಲ.”

ಅವನ ದನಿಯಲ್ಲಿ ಮುನಿಸಿರಲಿಲ್ಲ. ನಮಗೆ ಆ ಪ್ರಬಂಧ ನೆನಪಿಗೆ ಬರಲಿಲ್ಲ; ಅಂಥವನ್ನು ಎಷ್ಟು ತಿದ್ದಿದ್ದೇವೋ! ತಪ್ಪಾಯಿತೆಂದೆವು. “ಅಯ್ಯೋ, ಬುಡಿ ಸಾ” ಎಂದನು. ಅಜ್ಜಿ ಏನು ಹೇಳಿದ್ದಳೆಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ತೂಕದ ತಟ್ಟೆಯನ್ನೇ ನೋಡುತ್ತಿದ್ದು, ತನಗೂ ಮರೆತುಹೋಗಿದೆಯೆಂದನು.

ಪುಸ್ತಕವನ್ನು ಅವನ ಕೈಗಿತ್ತು ಓದೆಂದೆವು. ಮೊದಲು ಸಂಕೋಚಪಟ್ಟನು, ಆಮೇಲೆ ನಮ್ಮ ನಾಲಗೆ ತಡವರಿಸುತ್ತಿದ್ದ ಕಡೆಗಳಲ್ಲೆಲ್ಲ ಅವನದು ಸರಾಗವಾಗಿ ಹರಿಯಿತು. ಮೂಟೆ ಹೊರುವ ಆಳೊಬ್ಬನು ಬಂದು ಚೀಲದ ಮೇಲೆ ಕುಳಿತು, “ಯಾರೂರ್ ಕತೆ ಇದು?” ಎಂದು ಕೇಳಿದನು. ನಾಲ್ಕು ಗಂಟೆಯ ಬಸ್ಸು ಹೊರಟುಹೋಯಿತು. ಪುಸ್ತಕವನ್ನು ಅಲ್ಲಿಯೇ ಬಿಟ್ಟು ನಾವು ಐದರ ಬಸ್ಸಿಗೆ ಹಿಂದಿರುಗಿದೆವು.