ಶೂ ಇಲ್ಲದ ಜೋ ಮನೆಗೆ ಹೋಗಿದ್ವಿ

ಬೇಸ್‌ಬಾಲ್ ಬಗ್ಗೆ ನಮಗೆ ಗೊತ್ತಿದ್ದದ್ದು ಇಷ್ಟೇ: ಬ್ಯಾಟು ಒನಕೆ ಥರ ಉರುಟಾಗಿರುತ್ತೆ, ಚೆಂಡು ಪಿಚ್ ಆಗಲ್ಲ, ಹೊಡೆದ ಮೇಲೆ ಬ್ಯಾಟು ಬಿಸಾಕಿ ಓಡಬೇಕು. ಇಷ್ಟು ಜ್ಞಾನ ಇಟ್ಕೊಂಡು ಹೋದ ರಜೆಯಲ್ಲಿ ನಾವು ಅಕ್ಕ-ತಂಗಿ ಇಬ್ಬರೂ ಅಮೆರಿಕದ ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ವಿ. ಒಂದು ಶನಿವಾರ ಚಿಕ್ಕಪ್ಪ "ಇಲ್ಲೊಂದು ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ, ಬನ್ನಿ" ಅಂದರು. ಟಿಕೆಟ್ ಇಲ್ಲ ಅನ್ನೋದೇ ನಮಗೆ ಸಾಕಾಗಿತ್ತು.

ಶೂಲೆಸ್ ಜೋ ಜಾಕ್ಸನ್ ಮ್ಯೂಸಿಯಂ ಅಂತ ಹೆಸರು. ಮ್ಯೂಸಿಯಂ ಅಂದರೆ ನಮ್ಮ ಕಣ್ಣಿಗೆ ಬರೋದು ವಿಶ್ವೇಶ್ವರಯ್ಯ ಮ್ಯೂಸಿಯಂ. ಇದು ಹಾಗಲ್ಲ. ಒಂದು ಪುಟ್ಟ ಇಟ್ಟಿಗೆ ಮನೆ, ಅಷ್ಟೇ. ಜೋ ಜಾಕ್ಸನ್ ಕೊನೆಗಾಲದಲ್ಲಿ ಹೆಂಡತಿ ಕೇಟಿ ಜೊತೆ ಬದುಕಿ, 1951ರ ಡಿಸೆಂಬರ್ 5ರಂದು ತೀರಿಕೊಂಡ ಮನೆ. ಬೇರೆ ಬೀದಿಯಲ್ಲಿದ್ದ ಈ ಮನೆಯನ್ನೇ 2006ರಲ್ಲಿ ಎತ್ತಿ ತಂದು, ಊರಿನ ಬೇಸ್‌ಬಾಲ್ ಮೈದಾನ ಫ್ಲೋರ್ ಫೀಲ್ಡ್ ಹತ್ತಿರ ಕೂರಿಸಿ, 2008ರಲ್ಲಿ ಮ್ಯೂಸಿಯಂ ಮಾಡಿದರು. (ಸಿವಿಲ್ ಬ್ರಾಂಚಿನವರೇ, ಮನೆ ಶಿಫ್ಟ್ ಮಾಡೋದು ಅಂದರೆ ಇದು.) ಬಾಗಿಲ ನಂಬರ್ 356. ಅದು ಸುಮ್ಮನೆ ಬಂದ ನಂಬರ್ ಅಲ್ಲ, ಜೋನ ಇಡೀ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿ: .356. ಅಂದರೆ ಸಾವಿರ ಸಲ ಬ್ಯಾಟ್ ಮಾಡಿದರೆ 356 ಸಲ ಸರಿಯಾದ ಹೊಡೆತ. ನಮ್ಮಲ್ಲಿ 40 ಬರದಿದ್ದರೆ ಬ್ಯಾಕ್‌ಲಾಗ್. ಅಲ್ಲಿ 35.6 ಬಂದರೆ ಮನೆಗೇ ಆ ನಂಬರ್!

ಒಳಗೆ ಹಳೇ ಫೋಟೋಗಳು, ಬ್ಯಾಟುಗಳು, ಪೇಪರ್ ಕಟಿಂಗ್‌ಗಳು. ಎಲ್ಲಾ ಕೋಣೆ ನೋಡೋಕೆ ಹದಿನೈದು ನಿಮಿಷ ಸಾಕು. ನಾವು ಎರಡು ಗಂಟೆ ಇದ್ವಿ.

ಜೋ ಓದಿದವನಲ್ಲ. ಆರೇಳು ವರ್ಷದ ಹುಡುಗನಾಗಿದ್ದಾಗಲೇ ಗ್ರೀನ್‌ವಿಲ್‌ನ ಬ್ರ್ಯಾಂಡನ್ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. ಹದಿಮೂರಕ್ಕೆಲ್ಲ ದೊಡ್ಡವರ ಜೊತೆ ಮಿಲ್ಲಿನ ಟೀಮಿನಲ್ಲಿ ಆಡುತ್ತಿದ್ದ. ಹೊಸ ಶೂ ಕಚ್ಚಿ ಕಾಲಲ್ಲಿ ಬೊಬ್ಬೆ ಎದ್ದಾಗ ಒಂದು ಆಟದಲ್ಲಿ ಬರೀ ಸಾಕ್ಸ್ ಹಾಕ್ಕೊಂಡು ಆಡಿದನಂತೆ, ಯಾರೋ ಪ್ರೇಕ್ಷಕ ಕೂಗಿದ್ದೇ ಜೀವನಪೂರ್ತಿ ಅಡ್ಡಹೆಸರಾಯಿತು. ಅವನ ಬ್ಯಾಟಿಗೂ ಹೆಸರಿತ್ತು, ಬ್ಲ್ಯಾಕ್ ಬೆಟ್ಸಿ. ಹಿಕರಿ ಮರದ್ದು, ತಂಬಾಕಿನ ರಸ ಹಚ್ಚಿ ಕಪ್ಪು ಮಾಡಿದ್ದು, ತೂಕ 48 ಔನ್ಸ್, ಅಂದರೆ ಸುಮಾರು 1.36 ಕೆಜಿ. ಈಗಿನವರ ಬ್ಯಾಟು 900 ಗ್ರಾಂ ಆಸುಪಾಸು. ಚೆಂಡು ಬ್ಯಾಟಿಗೆ ಬರೋಕೆ ಅರ್ಧ ಸೆಕೆಂಡೂ ಇರಲ್ಲ, ಅದಕ್ಕೇ ಈಗಿನವರಿಗೆ ತೂಕಕ್ಕಿಂತ ಬೀಸುವ ವೇಗ ಮುಖ್ಯ. ಆ ಒನಕೆಯಲ್ಲಿ 1911ರಲ್ಲಿ ಜೋ .408 ಹೊಡೆದ. ಆದರೂ ಆ ವರ್ಷ ಫಸ್ಟ್ ಬರಲಿಲ್ಲ, ಯಾಕಂದರೆ ಟೈ ಕಾಬ್ ಅನ್ನೋನು .420 ಹೊಡೆದಿದ್ದ. ಕ್ಲಾಸಲ್ಲಿ ಇಂಥವನೊಬ್ಬ ಇದ್ದೇ ಇರ್ತಾನೆ.

ಓದು ಬರಲ್ಲ ಅಂತ ಜನ ಅವನನ್ನು ತುಂಬಾ ಆಡಿಕೊಂಡರು. ಹೋಟೆಲಲ್ಲಿ ಮೆನು ಹಿಡ್ಕೊಂಡು ಓದೋ ಥರ ಕೂತು, ಬೇರೆಯವರು ಏನು ಹೇಳ್ತಾರೋ ಕೇಳಿ ಅದರಲ್ಲೇ ಒಂದನ್ನು ತನಗೂ ಹೇಳುತ್ತಿದ್ದನಂತೆ. ಅಭಿಮಾನಿಗಳಿಗೆ ಆಟೋಗ್ರಾಫ್ ಬೇಕಂದರೆ ಎಷ್ಟೋ ಸಲ ಕೇಟಿಯೇ ಅವನ ಹೆಸರು ಬರೆದು ಕೊಡುತ್ತಿದ್ದಳು. ಅವನೇ ಹಾಕಿದ ಸಹಿ ಅಪರೂಪ, ಅದೂ ಚಿತ್ರ ಬಿಡಿಸಿದ ಹಾಗೆ ಒಂದೊಂದೇ ಅಕ್ಷರ. ಅವನ ಸಹಿ ಇರೋ 1911ರ ಒಂದು ಫೋಟೋ 2021ರಲ್ಲಿ 14 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು.

ಈಗ ಆ ಹಗರಣ. 1919ರ ವರ್ಲ್ಡ್ ಸೀರೀಸ್‌ನಲ್ಲಿ ಜೋ ಆಡುತ್ತಿದ್ದ ಶಿಕಾಗೊ ವೈಟ್ ಸಾಕ್ಸ್ ತಂಡ ಸಿನ್ಸಿನಾಟಿ ರೆಡ್ಸ್ ಎದುರು ಸೋತಿತು. ಬುಕ್ಕಿಗಳಿಂದ ದುಡ್ಡು ತಗೊಂಡು ಸೋತರು ಅಂತ ಎಂಟು ಜನರ ಮೇಲೆ ಆರೋಪ, ಅದರಲ್ಲಿ ಜೋ ಒಬ್ಬ. 1921ರಲ್ಲಿ ಕೋರ್ಟು ಎಲ್ಲರನ್ನೂ ಬಿಟ್ಟಿತು. ಮಾರನೇ ದಿನವೇ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್ ಎಂಟೂ ಜನಕ್ಕೆ ಆಜೀವ ನಿಷೇಧ ಹಾಕಿದ.

ಇಲ್ಲಿ ನಮ್ಮಲ್ಲೇ ಜಗಳ ಶುರುವಾಯಿತು. ತಂಗಿ ಗೋಡೆ ಮೇಲಿನ ಅಂಕಿ ತೋರಿಸಿದಳು: ಆ ಸೀರೀಸಲ್ಲಿ ಜೋ .375 ಹೊಡೆದ, 12 ಹಿಟ್, ಒಂದೂ ಎರರ್ ಇಲ್ಲ, ಇಡೀ ಸೀರೀಸಿನ ಒಂದೇ ಹೋಂ ರನ್ ಕೂಡ ಅವನದೇ. "ಸೋಲಬೇಕು ಅನ್ನೋನು ಹೀಗೆ ಆಡ್ತಾನಾ?" ಚಿಕ್ಕಪ್ಪ ಒಪ್ಪಲಿಲ್ಲ. "5,000 ಡಾಲರ್ ತಗೊಂಡಿದ್ದನ್ನ ಅವನೇ ಒಪ್ಕೊಂಡಿದಾನಲ್ಲ? ವರ್ಷದ ಸಂಬಳ 6,000 ಇದ್ದೋನು. ದುಡ್ಡು ತಗೊಂಡ ಮೇಲೆ ಮುಗೀತು." ಅದೂ ನಿಜವೇ. ಟೀಮಿನ ಗೆಳೆಯನೊಬ್ಬ ದುಡ್ಡು ತಂದು ಕೊಟ್ಟಿದ್ದ, ಜೋ ವಾಪಸ್ ಕಳಿಸಲಿಲ್ಲ. ಆಟದಲ್ಲಿ ಮೋಸ ಮಾಡಲಿಲ್ಲ ಅಂತ ಕೊನೇವರೆಗೂ ಹೇಳ್ತಾನೇ ಇದ್ದ.

ಚಿಕ್ಕಪ್ಪ ಸುಮ್ಮನಾಗಿದ್ದು ಆಮೇಲೆ, 1920ರ ಕಾಂಟ್ರ್ಯಾಕ್ಟಿನ ಕಥೆ ಕೇಳಿದಾಗ. ಆಗಿನ ಆಟಗಾರರ ಕಾಂಟ್ರ್ಯಾಕ್ಟಿನಲ್ಲಿ ಹತ್ತು ದಿನದ ನೋಟಿಸ್ ಕೊಟ್ಟು ಕ್ಲಬ್ ಯಾರನ್ನು ಬೇಕಾದರೂ ತೆಗೆಯಬಹುದು ಅನ್ನೋ ಒಂದು ಷರತ್ತಿತ್ತು. ಜೋಗೆ ಅದು ಬೇಡವಾಗಿತ್ತು. ಕ್ಲಬ್ಬಿನ ಸೆಕ್ರೆಟರಿ ಸವಾನಾದಲ್ಲಿದ್ದ ಅವನ ಮನೆಗೇ ಬಂದು, ಆ ಷರತ್ತು ತೆಗೆದಿದೀವಿ ಅಂತ ಹೇಳಿ, ಕೇಟಿಗೆ ಓದೋಕೆ ಕೊಡದೇ ಸಹಿ ಹಾಕಿಸಿಕೊಂಡ ಅನ್ನೋದು ಜೋ ಮಾತು. ಷರತ್ತು ಅಲ್ಲೇ ಇತ್ತು. ಬಾಕಿ ಸಂಬಳಕ್ಕೆ ಅವನು ಕೇಸ್ ಹಾಕಿದ. 1924ರಲ್ಲಿ ಮಿಲ್ವಾಕಿಯ ಜ್ಯೂರಿ ಜೋ ಪರವಾಗಿ ಹೇಳಿದರೆ, ಜಡ್ಜ್ ಆ ತೀರ್ಪನ್ನೇ ತಳ್ಳಿಹಾಕಿ ಸುಳ್ಳುಸಾಕ್ಷಿ ಹೇಳಿದೆ ಅಂತ ಜೋನನ್ನೇ ಜೈಲಿಗೆ ಕಳಿಸಿದ.

"ನಿಮ್ಮಜ್ಜಂದೂ ಇದೇ ಆಗಿತ್ತು" ಅಂದರು ಚಿಕ್ಕಪ್ಪ. ಅಜ್ಜ ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನಲ್ಲಿದ್ದರು ಅಂತ ಮಾತ್ರ ನಮಗೆ ಗೊತ್ತಿತ್ತು, ತಲೆಗೂದಲಲ್ಲಿ ಹತ್ತಿ ಕೂತಿರೋ ಒಂದು ಫೋಟೋ ಮನೆಯಲ್ಲಿದೆ. ಮಿಲ್ ನಿಲ್ಲೋ ಕಾಲಕ್ಕೆ ಬಾಕಿ ಸಂಬಳದ ಕಾಗದ ಅಂತ ಒಂದು ಇಂಗ್ಲಿಷ್ ಹಾಳೆಗೆ ಸಹಿ ಹಾಕಿಸಿಕೊಂಡರಂತೆ. ಅದು ಸ್ವಂತ ಇಚ್ಛೆಯಿಂದ ಕೆಲಸ ಬಿಡ್ತಿದೀನಿ ಅನ್ನೋ ಪತ್ರವಾಗಿತ್ತು. ಪರಿಹಾರ ಹೋಯಿತು. ಅಜ್ಜನಿಗೆ ಕನ್ನಡ ಚೆನ್ನಾಗಿ ಓದೋಕೆ ಬರ್ತಿತ್ತು, ದಿನಾ ಪೇಪರ್ ಓದೋರು. ಆ ಒಂದು ಹಾಳೆ ಓದೋಕೆ ಬರಲಿಲ್ಲ. ಆಮೇಲೆ ಹಟ ಹಿಡಿದು ಮೊಮ್ಮಕ್ಕಳನ್ನೆಲ್ಲ ಇಂಗ್ಲಿಷ್ ಮೀಡಿಯಮ್ಮಿಗೇ ಹಾಕಿಸಿದ್ದು ಅವರೇ ಅಂತೆ. ನಮ್ಮ ಕನ್ನಡ ಹೀಗೆ ತಡವರಿಸೋದಕ್ಕೆ ಇಲ್ಲೀವರೆಗೂ ಅಪ್ಪನನ್ನ ಬೈತಾ ಇದ್ವಿ.

ಅಷ್ಟಾದರೂ ತಂಗಿ ಬಿಡಲಿಲ್ಲ. "ಆದ್ರೆ ಅಜ್ಜ ದುಡ್ಡು ತಗೊಂಡಿರಲಿಲ್ಲ." ಚಿಕ್ಕಪ್ಪ "ಹೌದು, ಅಜ್ಜನಿಗೆ ಯಾರೂ 5,000 ಡಾಲರ್ ಕೊಡೋಕೆ ಬಂದಿರಲಿಲ್ಲ" ಅಂದರು. ಹೊಗಳಿದ್ದೋ ಏನೋ ಗೊತ್ತಾಗಲಿಲ್ಲ.

ನಿಷೇಧ ಆದ ಮೇಲೂ ಜೋ ಸಣ್ಣಪುಟ್ಟ ಊರುಗಳ ಟೀಮುಗಳಲ್ಲಿ ಆಡಿದ, ಸವಾನಾದಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇಟ್ಟ, ಕೊನೆಗೆ ಗ್ರೀನ್‌ವಿಲ್‌ಗೆ ಬಂದು ಮದ್ಯದಂಗಡಿ ನಡೆಸಿದ. ಊರವರು ಅವನನ್ನು ಬಿಟ್ಟುಕೊಡಲಿಲ್ಲ. ಊರಲ್ಲೇ ಅವನ ಕಂಚಿನ ಪ್ರತಿಮೆ ಇದೆ, ಪೀಠಕ್ಕೆ ಅವನು ಆಡುತ್ತಿದ್ದ ಶಿಕಾಗೊದ ಹಳೇ ಕಮಿಸ್ಕಿ ಪಾರ್ಕಿನ ಇಟ್ಟಿಗೆ ಹಾಕಿದ್ದಾರೆ. 'ಫೀಲ್ಡ್ ಆಫ್ ಡ್ರೀಮ್ಸ್' ಸಿನಿಮಾದಲ್ಲಿ ಜೋ ಬಲಗೈಯಲ್ಲಿ ಬ್ಯಾಟ್ ಮಾಡ್ತಾನೆ. ನಿಜವಾದ ಜೋ ಎಡಗೈ ಬ್ಯಾಟ್ಸ್‌ಮನ್. ಪ್ರತಿಮೆಯಲ್ಲಿ ಮಾತ್ರ ಸರಿ ಇದೆ, ತಂಗಿ ಸುತ್ತ ಹೋಗಿ ಚೆಕ್ ಮಾಡಿದಳು.

2025ರ ಮೇ ತಿಂಗಳಲ್ಲಿ ಬೇಸ್‌ಬಾಲ್ ಕಮಿಷನರ್ ಮ್ಯಾನ್‌ಫ್ರೆಡ್, ತೀರಿಕೊಂಡವರಿಗೆ ಇನ್ನು ನಿಷೇಧ ಇಲ್ಲ ಅಂತ ಹೇಳಿ ಜೋ ಹೆಸರನ್ನೂ ಪಟ್ಟಿಯಿಂದ ತೆಗೆದರು. ಅವನು ಸತ್ತು 73 ವರ್ಷ ಆದ ಮೇಲೆ. ಹಾಲ್ ಆಫ್ ಫೇಮ್ ಸೇರಿಸಬೇಕೋ ಬೇಡವೋ ಅಂತ ಕಮಿಟಿ ನೋಡೋದು 2027ರ ಡಿಸೆಂಬರಿಗೆ. ಆಗ ನಮ್ಮದು ಏಳನೇ ಸೆಮ್ ಎಕ್ಸಾಮ್ ನಡೀತಿರುತ್ತೆ. ಚಿಕ್ಕಪ್ಪ ಬೇಡ ಅಂತ, ತಂಗಿ ಬೇಕು ಅಂತ ನೂರು ಡಾಲರ್ ಬೆಟ್ ಕಟ್ಟಿದಾರೆ. ಬೆಟ್ಟಿಂಗೇ ಅಲ್ವಾ ಅವನನ್ನ ಹಾಳು ಮಾಡಿದ್ದು ಅಂದರೆ ಇಬ್ಬರೂ ಕೇಳಲಿಲ್ಲ.