ಅಂತರಿಕ್ಷದಿಂದ ಕಂಡ ಬೆಂಗಳೂರು

ಒಂದೂರಿನ ಪೂರ್ವಸ್ಥಿತಿಯನ್ನು ತಿಳಿಯಬಯಸುವವರು ಶಾಸನಗಳನ್ನೂ ಹಳೆಯ ಕಡತಗಳನ್ನೂ ಶೋಧಿಸುವುದು ರೂಢಿ. ಈಗ ಮತ್ತೊಬ್ಬ ಸಾಕ್ಷಿಯು ದೊರೆತಿರುವನು. ಆತನ ವಾಸವು ಅಂತರಿಕ್ಷದಲ್ಲಿ. 1972ರಲ್ಲಿ ಅಮೆರಿಕಾ ದೇಶದವರು ಹಾರಿಸಿದ, ತರುವಾಯ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಉಪಗ್ರಹವು ಸುಮಾರು 900 ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತ, 18 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಬಂದು ಚಿತ್ರ ತೆಗೆಯುತ್ತಿದ್ದಿತು. ಅದರ ಸಂತತಿಯು ಇಂದಿಗೂ ಈ ಕೆಲಸದಲ್ಲಿಯೇ ಇದೆ. 2008ರಿಂದ ಈ ಚಿತ್ರಗಳೆಲ್ಲವೂ ಯಾರಿಗಾದರೂ ಬೆಲೆಯಿಲ್ಲದೆ ದೊರೆಯುತ್ತಿವೆ. ಮನೆಯಲ್ಲಿ ಕುಳಿತೇ ನೋಡಬಹುದು.

ಇವುಗಳನ್ನು ಓದುವುದಕ್ಕೂ ಒಂದು ವ್ಯಾಕರಣವುಂಟು. ಕೆಂಪಿನಾಚೆಗಿರುವ, ನಮ್ಮ ಕಣ್ಣಿಗೆ ಗೋಚರಿಸದ ಕಿರಣಗಳನ್ನು ಹಸುರೆಲೆಗಳು ಬಹಳವಾಗಿ ಪ್ರತಿಫಲಿಸುವುವು. ನೀರು ಅವನ್ನು ನುಂಗಿಬಿಡುವುದು. ಆದಕಾರಣ ಚಿತ್ರದಲ್ಲಿ ಪೈರು ಕೆಂಪಾಗಿಯೂ ನೀರು ಕಪ್ಪಾಗಿಯೂ ಮನೆಮಾರುಗಳ ಗುಂಪು ಬೂದುಬಣ್ಣವಾಗಿಯೂ ತೋರುವುದು. 1973ರ ಚಿತ್ರದಲ್ಲಿ ಬೆಂಗಳೂರಿನ ಬೂದುಬಣ್ಣವು ನಡುವೆ ಅಡಕವಾಗಿದ್ದು, ಸುತ್ತಲೂ ಕೆರೆಗಳು ಕರಿಮಣಿಗಳಂತೆ ಚೆಲ್ಲಿವೆ. ಈಚಿನ ಚಿತ್ರದಲ್ಲಿ ಆ ಬೂದುಬಣ್ಣವು ನಾಲ್ಕು ದಿಕ್ಕಿಗೂ ಹಬ್ಬಿದೆ, ಮಣಿಗಳು ವಿರಳ.

ಈ ಚಿತ್ರಗಳನ್ನು ಕೈಯಲ್ಲಿ ಹಿಡಿದು ಬೆಳ್ಳಂದೂರು ಕೆರೆಯ ಬಳಿಗೆ ಹೋಗಿ ನಿಂತರೆ ಸಾಕ್ಷಿಯ ಮಾತನ್ನು ಪರೀಕ್ಷಿಸಬಹುದು. ಸುಮಾರು 900 ಎಕರೆಯ ಮಹಾತಟಾಕವಿದು. ಇದರ ನೀರು ವರ್ತೂರು ಕೆರೆಯನ್ನು ಹಾಯ್ದು ದಕ್ಷಿಣ ಪಿನಾಕಿನಿಯನ್ನು ಸೇರುವುದು. ಆದರೆ ಎಷ್ಟೋ ವರ್ಷಗಳ ಚಿತ್ರಗಳಲ್ಲಿ ಇದು ಕಪ್ಪಾಗಿರದೆ ಗದ್ದೆಯ ಬಯಲಿನಂತೆ ಕೆಂಪಾಗಿರುವುದು! ಅದು ಬೆಳೆಯಲ್ಲ, ನಗರದ ಚರಂಡಿ ನೀರನ್ನುಂಡು ಕೊಬ್ಬಿದ ಜಲಕಳೆ. 2015ರಲ್ಲಿ ಇದೇ ಕೆರೆಯ ನೊರೆಗೆ ಬೆಂಕಿ ಹತ್ತಿದ ಸಂಗತಿಯು ವಾಚಕರಿಗೆ ನೆನಪಿರಬಹುದು. ಪ್ರತ್ಯಕ್ಷವೆಂದು ನಾವು ನಂಬುವ ಚಿತ್ರದಲ್ಲಿಯೂ ಅನುಮಾನದ ಪಾಲು ಇಷ್ಟಿರುವುದು.

ಕಾಲಭೇದವನ್ನೂ ನೋಡಬೇಕು. ಕಾರ್ತಿಕದಲ್ಲಿ ತುಂಬಿದ ಕೆರೆಯ ಚಿತ್ರವನ್ನು ಮತ್ತೊಂದು ವರ್ಷದ ಚೈತ್ರದ ಚಿತ್ರದೊಡನೆ ಇಟ್ಟು, ಕೆರೆ ನಾಶವಾಯಿತೆಂದು ಕೂಗುವುದು ನ್ಯಾಯವಲ್ಲ. ಮೊದಲಿನ ಚಿತ್ರಗಳ ಒಂದೊಂದು ಚುಕ್ಕೆಯೂ ಸುಮಾರು 80 ಮೀಟರು ಚದರ, ಎಂದರೆ ಒಂದೂವರೆ ಎಕರೆಗೂ ಹೆಚ್ಚು. ಅಷ್ಟರೊಳಗೆ ಒಂದು ಗುಂಡುತೋಪೋ ಕುಂಟೆಯೋ ಅಡಗಿಹೋದರೆ ಪತ್ತೆಯಿಲ್ಲ. ಈಗಿನವು 30 ಮೀಟರಿನ ಚುಕ್ಕೆಗಳು.

ಇನ್ನು ಈ ಸಾಕ್ಷಿಯು ಹುಟ್ಟುವ ಮೊದಲೇ ಹೋದ ಕೆರೆಗಳ ಮಾತು. ಧರ್ಮಾಂಬುಧಿಯ ನೆಲದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣ. ಇವುಗಳಿಗೆ ಹಳೆಯ ಭೂಪಟಗಳೇ ಗತಿ. ಸಂಪಂಗಿ ಕೆರೆಯ ಶೇಷವಾಗಿ ಒಂದು ಚಿಕ್ಕ ಹೊಂಡ ಮಾತ್ರ ಕ್ರೀಡಾಂಗಣದ ಪಕ್ಕದಲ್ಲಿ ಉಳಿದಿದೆ. ಕರಗದ ವಿಧಿಗಳಿಗೆ ಆ ನೀರು ಬೇಕು. ಅದಕ್ಕಾಗಿಯೇ ಅದನ್ನು ಮುಚ್ಚದೆ ಬಿಟ್ಟರು.