ದೀಪ ಉರಿದರೆ ಸಾಲದು

ಆಡಿಯೋ ಇಂಟರ್‌ಫೇಸಿನ ದೀಪ ಉರಿದರೆ ಅದಕ್ಕೆ ವಿದ್ಯುತ್ ತಲುಪಿದೆ ಎಂದಷ್ಟೇ ಅರ್ಥ. ಗಣಕ ಅದನ್ನು ಗುರುತಿಸಿತೆಂದಲ್ಲ. ವಿಂಡೋಸನ್ನು ಹೊಸದಾಗಿ ಹಾಕಿಸಿದ ಮೇಲೆ ನಮ್ಮ ಬಳಗಕ್ಕೆ ಈ ವ್ಯತ್ಯಾಸ ಮನವರಿಕೆಯಾಯಿತು. ಮುಂಬಯಿಯ ಹಿರಿಯ ಕನ್ನಡಿಗರ ನೆನಪುಗಳನ್ನು ನಾವು ಈ ಪುಟ್ಟ ಪೆಟ್ಟಿಗೆಯ ಮೂಲಕವೇ ಧ್ವನಿಮುದ್ರಿಸುತ್ತ ಬಂದಿದ್ದೇವೆ. ಗಿರಣಿಯ ದಿನಗಳನ್ನು ಹೇಳುತ್ತಿದ್ದ 87ರ ಅಜ್ಜಿಯೊಬ್ಬರ ಮಾತು ಅರ್ಧಕ್ಕೆ ನಿಂತಿತ್ತು. ಮುಂದಿನ ವಾರ ಅವರು ಮಗಳೊಡನೆ ದೆಹಲಿಗೆ ಹೊರಡುವವರಿದ್ದರು.

ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಕಂಡಿತು. ಯಾರೋ ಬಂದಿದ್ದಾರೆಂದು ಗಣಕಕ್ಕೆ ತಿಳಿದಿತ್ತು. ಬಂದವರ ಭಾಷೆ ತಿಳಿದಿರಲಿಲ್ಲ. ಆ ಭಾಷೆಯೇ ಡ್ರೈವರ್. ಯುಎಸ್‌ಬಿ ಆಡಿಯೋ ಕ್ಲಾಸ್ 2ರ ಉಪಕರಣಗಳಿಗೆ ಬೇಕಾದ ಡ್ರೈವರ್ 2017ರಿಂದ ವಿಂಡೋಸ್ 10ರೊಳಗೇ ಇದೆ; ಆ ನಿಯಮಕ್ಕೆ ಒಳಪಡದ ನಮ್ಮ ಪೆಟ್ಟಿಗೆಗೆ ತಯಾರಕರದ್ದೇ ಬೇಕಾಯಿತು. ತಂತಿ ಕಳಚಿ, ಡ್ರೈವರ್ ಹಾಕಿ, ಗಣಕವನ್ನು ಮತ್ತೆ ಚಾಲೂ ಮಾಡಿ, ಹಬ್ ಬಿಟ್ಟು ನೇರವಾಗಿ ಜೋಡಿಸಿದೆವು. ಹೆಸರು ಮೂಡಿತು, ಧ್ವನಿ ಮೂಡಲಿಲ್ಲ. ಪ್ರೈವಸಿ ಸೆಟ್ಟಿಂಗಿನಲ್ಲಿ ಮೈಕ್ರೊಫೋನಿಗೆ ಅನುಮತಿಯಿರಲಿಲ್ಲ. ಅದನ್ನು ಕೊಟ್ಟೊಡನೆ ಪರದೆಯ ಹಸಿರು ಗೆರೆ ನಮ್ಮ ಮಾತಿಗೆ ಏರಿಳಿಯಿತು.

ಎರಡು ಸಂಜೆಗಳಲ್ಲಿ ಪೂರ್ಣಗೊಂಡ ಆ ನೆನಪುಗಳ ಜತೆಗೇ ಈಗ ಡ್ರೈವರಿನ ಕಡತವನ್ನೂ ಇರಿಸಿದ್ದೇವೆ. ಹಳೆಯ ಮಾದರಿಗಳನ್ನು ತಯಾರಕರು ಎಂದಾದರೂ ಕೈಬಿಡಬಹುದು. ಹೇಳಬೇಕಾದ ಹಿರಿಯರು ಇನ್ನೂ ಅನೇಕರಿದ್ದಾರೆ.